ಹಳೇ ಲ್ಯಾಪ್‌ಟಾಪ್‌ಗೆ ವೈಫೈ ಹಿಡಿಯುತ್ತಿಲ್ಲವಾ? ನನ್ನದನ್ನು ನಾನು ಸರಿಮಾಡಿಕೊಂಡ ಬಗೆ

ನನ್ನ ಲ್ಯಾಪ್‌ಟಾಪ್ 2012ರದು. ಕೀಬೋರ್ಡಿನ ಎರಡು ಅಕ್ಷರ ಸವೆದು ಹೋಗಿವೆ, ಆದರೂ ನನ್ನ ಕೆಲಸವೆಲ್ಲ ಅದರಲ್ಲೇ. ಇಷ್ಟು ವರ್ಷದಲ್ಲಿ ಅದರ ವೈಫೈ ನಾಲ್ಕು ಸಲ ಕೈಕೊಟ್ಟಿದೆ, ನಾಲ್ಕೂ ಸಲ ಬೇರೆ ಬೇರೆ ಕಾರಣಕ್ಕೆ. ‘ಹಳೇದಾಯ್ತು, ಹೊಸದು ತಗೋ’ ಅಂದವರೇ ಜಾಸ್ತಿ. ಆದರೆ ಒಂದು ಸಲವೂ ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲ.

ಏನೇ ಮಾಡುವ ಮೊದಲು ಫೋನನ್ನು ಲ್ಯಾಪ್‌ಟಾಪ್ ಪಕ್ಕದಲ್ಲಿಡಿ. ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈಫೈನಲ್ಲಿ ಏನಾದರೂ ತೆರೆದು ನೋಡಿ. ಫೋನಿಗೂ ಬರದಿದ್ದರೆ ಲ್ಯಾಪ್‌ಟಾಪನ್ನು ಮುಟ್ಟಲೇಬೇಡಿ. ರೂಟರ್ ಪ್ಲಗ್ ತೆಗೆದು, ಅರ್ಧ ನಿಮಿಷ ಬಿಟ್ಟು ಹಾಕಿ. ಫೋನಿಗೆ ಬಂದು ಲ್ಯಾಪ್‌ಟಾಪ್‌ಗೆ ಮಾತ್ರ ಬರದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಬ್ಯಾಂಡ್ (ಅಂದರೆ ವೈಫೈ ಓಡುವ ತರಂಗದ ಪಟ್ಟಿ) 2.4 ಗಿಗಾಹರ್ಟ್ಸ್‌ಗೆ ಇಟ್ಟು, ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಸೇರಿಕೊಂಡಿತಾ? ಹಾಗಾದರೆ ಲ್ಯಾಪ್‌ಟಾಪ್ ಒಳಗೆ ಸಿಗ್ನಲ್ ಹಿಡಿಯುವ ವೈಫೈ ಕಾರ್ಡ್ ಜೀವಂತವಾಗಿದೆ. ತೊಂದರೆ ಇರುವುದು ಅದಕ್ಕೂ ರೂಟರ್‌ಗೂ ನಡುವೆ. ಈ ಎರಡು ನಿಮಿಷದ ಕೆಲಸ ಅರ್ಧ ದಿನ ಉಳಿಸುತ್ತದೆ.

ನನಗೆ ಮೊದಲ ಸಲ ತೊಂದರೆ ಕೊಟ್ಟಿದ್ದು ಒಂದು ಪುಟ್ಟ ಸ್ವಿಚ್. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಮುಂದಿನ ಅಂಚಿನಲ್ಲೋ ಪಕ್ಕದಲ್ಲೋ ವೈಫೈಗೆಂದೇ ಜಾರಿಸುವ ಸ್ವಿಚ್ ಇರುತ್ತದೆ. ತೊಡೆ ಮೇಲಿಟ್ಟುಕೊಂಡಾಗ ಬಟ್ಟೆಗೆ ಸಿಕ್ಕಿ ಸರಿದುಬಿಡುತ್ತದೆ. ಕೆಲವದರಲ್ಲಿ ಸ್ವಿಚ್ ಬದಲು ಎಫ್‌ಎನ್ ಕೀ ಜೊತೆ ಆಂಟೆನಾ ಚಿತ್ರವಿರುವ ಕೀ ಒತ್ತಬೇಕು. ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ rfkill list ಅಂತ ಕೊಟ್ಟು ನೋಡಿ. ಹಾರ್ಡ್ ಬ್ಲಾಕ್ (ಸ್ವಿಚ್ಚಿನಂಥದ್ದರಿಂದ ವೈಫೈ ಆಫ್ ಆಗಿರುವುದು) ‘ಯೆಸ್’ ಎಂದಿದ್ದರೆ ಇದೇ ಕಾರಣ ಇರಬಹುದು, ಮೊದಲು ಸ್ವಿಚ್ ಹುಡುಕಿ.

ಎರಡನೇ ಸಲ ಹೊಸ ರೂಟರ್ ಬಂದ ದಿನ. ಮನೆಯ ಎಲ್ಲ ಫೋನಿಗೂ ನೆಟ್, ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಆ ಹೆಸರೇ ಕಾಣಿಸದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹಳೇ ಲ್ಯಾಪ್‌ಟಾಪ್ ಇರುವವರಿಗೆ ಇದು ಇವತ್ತಲ್ಲ ನಾಳೆ ಎದುರಾಗುತ್ತದೆ. ಆ ಕಾಲದ ಎಷ್ಟೋ ಕಾರ್ಡ್‌ಗಳು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ರೂಟರ್ ಬರೀ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಹೆಸರೇ ಕಾಣುವುದಿಲ್ಲ. 2.4 ಇದ್ದರೂ ಅದರೊಳಗಿನ ಚಾನೆಲ್ 12 ಅಥವಾ 13 ಆಗಿದ್ದರೆ ಕೆಲವು ಕಾರ್ಡ್‌ಗಳಿಗೆ ಕಾಣುವುದಿಲ್ಲ. ರೂಟರ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು 1, 6 ಅಥವಾ 11ಕ್ಕೆ ಬದಲಿಸಿ. ಇನ್ನು ರೂಟರ್ ವೈಫೈ 6 ಎಂಬ ಹೊಸ ಪೀಳಿಗೆಯ ಮೋಡ್‌ನಲ್ಲಿದ್ದರೆ ಕೆಲವು ಹಳೇ ಡ್ರೈವರ್‌ಗಳು (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಅದನ್ನು ಪಟ್ಟಿಯಲ್ಲೇ ತೋರಿಸುವುದಿಲ್ಲ. ಹೊಸ ಡ್ರೈವರ್ ಸಿಕ್ಕರೆ ಹಾಕಿ. ಇಲ್ಲವಾದರೆ ರೂಟರ್‌ನಲ್ಲಿ 2.4ಕ್ಕೆ ಮಾತ್ರ ಆ ಮೋಡ್ ಆಫ್ ಮಾಡಿ.

ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿಯಿದೆ, ಆದರೂ ಸೇರುತ್ತಿಲ್ಲ ಅಂದರೆ ಸೆಕ್ಯುರಿಟಿ ನೋಡಿ. ವೈಫೈ ಭದ್ರತೆಯ ಹೊಸ ಬಗೆ ಡಬ್ಲ್ಯುಪಿಎ3 ಬಂದಿದ್ದು 2018ರಲ್ಲಿ. 2012ರ ಕಾರ್ಡ್‌ಗೆ ಅದು ಅರ್ಥವಾಗಬೇಕು ಅಂದರೆ ಹೇಗೆ? ರೂಟರ್‌ನಲ್ಲಿ ಅದರ ಹಿಂದಿನ ಡಬ್ಲ್ಯುಪಿಎ2, ಎಇಎಸ್ ಆಯ್ಕೆ ಮಾಡಿ. ನಾನು ರೂಟರ್‌ನಲ್ಲಿ 2.4ಕ್ಕೆ ಬೇರೆಯದೇ ಹೆಸರು ಕೊಟ್ಟು, ಲ್ಯಾಪ್‌ಟಾಪನ್ನು ಅದಕ್ಕೇ ಸೇರಿಸಿಟ್ಟಿದ್ದೇನೆ. ಆಮೇಲೆ ತಂಟೆಯೇ ಇಲ್ಲ. ಆದರೆ ಹಳೇ ಲ್ಯಾಪ್‌ಟಾಪ್ ಸೇರಲಿ ಅಂತ ಸುಮ್ನೆ ಪಾಸ್‌ವರ್ಡ್ ತೆಗೆದು ಓಪನ್ ಬಿಡಬೇಡಿ, ತೀರಾ ಹಳೇ ಭದ್ರತೆಯಾದ ಡಬ್ಲ್ಯುಇಪಿಗೂ ಇಳಿಯಬೇಡಿ. ಡಬ್ಲ್ಯುಇಪಿ ಒಡೆಯುವುದು ನಿಮಿಷಗಳ ಕೆಲಸ.

ಮೂರನೆಯದು ವಿಚಿತ್ರ. ವೈಫೈ ಸೇರಿದೆ, ಸಿಗ್ನಲ್ ತುಂಬಾ ಇದೆ, ಯಾವ ವೆಬ್‌ಸೈಟೂ ತೆರೆಯದು. ತೆರೆಯ ಮೂಲೆಯ ಗಡಿಯಾರ ನೋಡಿದೆ: 2012ರ ಜನವರಿ 1. ಒಳಗಿನ ಬಿಲ್ಲೆ ಸೆಲ್ ಸತ್ತು ತಾರೀಖು ಹಿಂದಕ್ಕೆ ಹೋಗಿತ್ತು. ತಾರೀಖು ತಪ್ಪಿದ್ದರೆ ಬ್ರೌಸರ್‌ಗೆ ವೆಬ್‌ಸೈಟ್‌ಗಳ ಸರ್ಟಿಫಿಕೇಟ್ (ಅವಧಿ ಇರುವ ಗುರುತಿನ ಪತ್ರ) ಮೇಲೆ ನಂಬಿಕೆ ಬರುವುದಿಲ್ಲ. ತಾರೀಖು ಸರಿಮಾಡಿದ ಕೂಡಲೇ ಎಲ್ಲ ತೆರೆಯಿತು, ಸೆಲ್ ಆಮೇಲೆ ಬದಲಿಸಿದೆ. ತಾರೀಖು ಸರಿಯಿದ್ದೂ ನೆಟ್ ಇಲ್ಲವಾದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸಿಗುವ ನಂಬರ್) ನೋಡಿ. ಅದು 169.254 ಅಂತ ಶುರುವಾದರೆ ರೂಟರ್ ವಿಳಾಸ ಕೊಟ್ಟೇ ಇಲ್ಲ ಎಂದರ್ಥ. ಆ ನೆಟ್‌ವರ್ಕನ್ನು ‘ಫರ್ಗೆಟ್’ ಮಾಡಿ ಹೊಸದಾಗಿ ಸೇರಿಸಿ.

ಐದೈದು ನಿಮಿಷಕ್ಕೆ ಕಡಿದು ಹೋಗುತ್ತಿದ್ದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ಗೆ ಹೋಗಿ. ವೈಫೈ ಕಾರ್ಡ್‌ನ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ತೆರೆದು, ಕರೆಂಟ್ ಉಳಿಸಲು ಕಾರ್ಡ್ ಆಫ್ ಮಾಡಲು ಬಿಡುವ ಟಿಕ್ ತೆಗೆಯಿರಿ.

ನಾಲ್ಕನೇ ಸಲ ತಪ್ಪು ನನ್ನದೇ. ಫ್ಯಾನಿನ ಧೂಳು ತೆಗೆದ ಮರುದಿನ ರೂಟರ್ ಪಕ್ಕ ಕೂತರೆ ಮಾತ್ರ ಸಿಗ್ನಲ್, ಪಕ್ಕದ ಕೋಣೆಗೆ ಹೋದರೆ ಒಂದೇ ಗೆರೆ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಬ್ಯಾಟರಿ ತೆಗೆದು, ತಳದ ಮುಚ್ಚಳ ಬಿಚ್ಚಿದೆ. ಕಾರ್ಡ್‌ಗೆ ಕಪ್ಪು ಒಂದು, ಬಿಳಿ ಒಂದು, ಎರಡು ಸಣ್ಣ ಆಂಟೆನಾ ವೈರ್. ಬಿಳಿಯದು ಕಿತ್ತು ಪಕ್ಕಕ್ಕೆ ಬಿದ್ದಿತ್ತು. ಅದರ ತುದಿ ಗುಂಡುಸೂಜಿಯ ತಲೆಗಿಂತ ಸ್ವಲ್ಪ ದೊಡ್ಡದು. ಅದನ್ನು ಕಾರ್ಡ್‌ನ ಚಿನ್ನದ ಬಣ್ಣದ ಗುಬುಟಿನ ಮೇಲೆ ನೇರ ಕೂರಿಸಿ, ಉಗುರಿನಿಂದ ಒತ್ತಿದರೆ ‘ಟಿಕ್’ ಅನ್ನುತ್ತದೆ. ಓರೆಯಾಗಿ ಒತ್ತಿದರೆ ಬಗ್ಗಿ ಹಾಳಾಗುತ್ತದೆ, ಅವಸರ ಬೇಡ. ಬಿಚ್ಚುವ ಮೊದಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಯಾವ ವೈರ್ ಎಲ್ಲಿ ಅಂತ ಗೊಂದಲವಾಗುವುದಿಲ್ಲ.

ಇಷ್ಟಾದರೂ ಹಾಟ್‌ಸ್ಪಾಟ್‌ಗೂ ಸೇರದಿದ್ದರೆ ಕಾರ್ಡ್ ಹೋಗಿರಬಹುದು. ಒಳಗಿನ ಕಾರ್ಡ್ ಬದಲಿಸುವುದಕ್ಕಿಂತ ಯುಎಸ್‌ಬಿ ವೈಫೈ ಅಡಾಪ್ಟರ್ ಸುಲಭ, ಯಾಕೆಂದರೆ ಕೆಲವು ಕಂಪನಿಯ ಲ್ಯಾಪ್‌ಟಾಪ್‌ಗಳು ಬೇರೆ ಕಾರ್ಡ್ ಹಾಕಿದರೆ ಆನ್ ಆಗಲು ಬಿಡುವುದಿಲ್ಲ. 2.4ರ ಅಡಾಪ್ಟರ್ ತಂದರೆ ನೀಲಿ ಯುಎಸ್‌ಬಿ 3 ಪೋರ್ಟ್ ಬಿಟ್ಟು ಕಪ್ಪು ಪೋರ್ಟ್‌ಗೆ ಹಾಕಿ. ಯುಎಸ್‌ಬಿ 3ರ ಗದ್ದಲ 2.4ರ ಸಿಗ್ನಲ್‌ಗೆ ಅಡ್ಡ ಬರುತ್ತದೆ.