ಬೈಟ್, ಕಟ್‌ಅವೇ, ಆ್ಯಂಬಿಯನ್ಸ್: ನ್ಯೂಸ್‌ನವ್ರ ಮಾತು ತಿಳ್ಕೊಳ್ಳೋದು ಹೆಂಗ?

ಬೆಳಗಾವಿ ಸುವರ್ಣಸೌಧದಾಗ ಅಧಿವೇಶನ ಶುರುವಾತು ಅಂದ್ರ ಹೊರಗ ಟಿವಿಯವ್ರ ನೇರ ಪ್ರಸಾರದ ಓಬಿ ವ್ಯಾನ್ ಸಾಲಾಗಿ ನಿಂತಿರ್ತಾವ, ಆಗ ನಮ್ಮ ಕಡೆ ಮದುವಿ ವಿಡಿಯೊ ಮಾಡೋ ಹುಡುಗರಿಗೂ ಒಂದೆರಡು ದಿನದ ಕೆಲಸ ಸಿಗ್ತೈತಿ. ಕ್ಯಾಮೆರಾದ ಮ್ಯಾಲ ಕೈ ಚಲೋ ಕುಂತಿರ್ತೈತಿ, ಆದ್ರ ಫೋನ್‌ನ್ಯಾಗ "ಎರಡು ಬೈಟ್, ಒಂದಿಷ್ಟು ಕಟ್‌ಅವೇ, ಆ್ಯಂಬಿಯನ್ಸ್ ಮರೀಬ್ಯಾಡ" ಅಂದ್ರ ಅರ್ಥ ಆಗಂಗಿಲ್ಲ, ಕೇಳಾಕ ಸಂಕೋಚ. ಈ ಶಬ್ದಾನ ಬಾಯಿಪಾಠ ಮಾಡಬ್ಯಾಡ್ರಿ. ಒಂದೊಂದು ಶಬ್ದಕ್ಕೂ ಒಂದು ಕೆಲಸ ಐತಿ, ಅದನ್ನ ಹಿಡೀರಿ.

ಮೊದ್ಲು ಬೈಟ್. ಒಬ್ರು ಮಾತಾಡಿದ್ದರಾಗ ಸುದ್ದಿಗೆ ಬೇಕಾದ ಸಣ್ಣ ತುಣುಕು ಅದು. ಮಾತಾಡೋರು ವರದಿಗಾರನ್ನ ನೋಡ್ತಾರ, ಲೆನ್ಸ್ ನೋಡಂಗಿಲ್ಲ. ವರದಿಗಾರ ತಾನ ಲೆನ್ಸ್ ನೋಡಿ ಹೇಳಿದ್ರ ಅದು ಪಿಟಿಸಿ, ಪೀಸ್ ಟು ಕ್ಯಾಮೆರಾ. ರೆಕಾರ್ಡಿಂಗ್ ಶುರು ಮಾಡಿ ಮೊದ್ಲ ಅವರ ಹೆಸರು, ಹುದ್ದೆ ಅವರ ಬಾಯಿಂದನ ಹೇಳಿಸ್ರಿ, ಯಾಕಂದ್ರ ಸ್ಕ್ರೀನ್ ಕೆಳಗ ಬರೋ ಹೆಸರಿನ ಪಟ್ಟಿಗೆ, ಅಂದ್ರ ಆಸ್ಟನ್‌ಗೆ, ಅದ ಬೇಕು.

ಆಮ್ಯಾಲ ಕಟ್‌ಅವೇ. ಇಳಕಲ್ಲದಾಗ ಒಬ್ಬ ನೇಕಾರರ ಬೈಟ್ ತಗೊಂಡ್ರಿ ಅನ್ಕೊಳ್ರಿ, ಎಡಿಟರ್ ನಡುವಿನ ಎರಡು ಮಾತು ತಗದ್ರ ಅವರ ತಲಿ ಟಕ್ ಅಂತ ಜಿಗದಂಗ ಕಾಣತೈತಿ, ಅದಕ್ಕ ಜಂಪ್ ಕಟ್ ಅಂತಾರ. ಅಲ್ಲಿ ಮುಚ್ಚಾಕ ಓಡೋ ಲಾಳಿ, ಮಗ್ಗ ತುಳಿಯೋ ಕಾಲು, ಕೆಂಪು ಸೆರಗು, ಇಂಥಾ ಶಾಟ್ ಬೇಕು, ಅವ ಕಟ್‌ಅವೇ. ಒಂದೊಂದೂ 10 ಸೆಕೆಂಡ್, ಕೈ ಅಲುಗಾಡಿಸದ.

ಎಲ್ಲಾರೂ ಬಿಟ್ಟು ಬರೋದು ಆ್ಯಂಬಿಯನ್ಸ್. ಒಂದೊಂದು ಜಾಗಾದ ಸುಮ್ಮನಿರೋದಕ್ಕೂ ಒಂದೊಂದು ಸಪ್ಪಳ ಇರ್ತೈತಿ, ಫ್ಯಾನಿಂದು, ರಸ್ತೆದು, ಮಗ್ಗದ್ದು. ಎರಡು ಮಾತಿನ ನಡುವ ಅದು ಕಡೀತು ಅಂದ್ರ ಕೇಳೋರಿಗೆ ತಟ್ಟನ ಗೊತ್ತಾಗ್ತೈತಿ. ಅದಕ್ಕ ಬೈಟ್ ಮುಗದ ಮ್ಯಾಲ ಎಲ್ಲಾರಿಗೂ ಸುಮ್ಮನಿರಾಕ ಹೇಳಿ 30 ಸೆಕೆಂಡ್ ರೆಕಾರ್ಡ್ ಮಾಡ್ರಿ. ವಿಜಯಪುರದ ಗೋಳಗುಮ್ಮಟದ ಗ್ಯಾಲರಿ ಒಳಗಂತೂ ಒಂದು ಚಪ್ಪಾಳಿ ಹಲವು ಸಲ ತಿರುಗಿ ಕೇಳ್ತೈತಿ, ಅಲ್ಲಿ ಬೈಟ್ ತಗೊಂಡ್ರ ಮಾತಿನ ಮ್ಯಾಲ ಮಾತು ಬೀಳ್ತೈತಿ. ಬೈಟ್ ಹೊರಗ ಹುಲ್ಲಿನ ಮ್ಯಾಲ ನಿಂತು ಕಾಲರ್ ಮೈಕ್‌ದಾಗ ತಗೊಳ್ರಿ, ಆ ಮಾರ್ದನಿ ಬ್ಯಾರೆನ ರೆಕಾರ್ಡ್ ಮಾಡ್ರಿ. ನನಗ ಆ ಸಪ್ಪಳ ಅಂದ್ರ ಜೀವ.

ಫ್ಲಿಕರ್ ಅಂದ್ರ ಟ್ಯೂಬ್‌ಲೈಟ್ ಕೆಳಗ ಪಿಕ್ಚರ್ ಮಿಣಮಿಣ ಅನ್ನೋದು. ನಮ್ಮ ಕರೆಂಟ್ 50 ಹರ್ಟ್ಜ್, ಅದಕ್ಕ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡ್ರಿ.

ಕಡೀಕ "ಫೀಡ್ ಕಳ್ಸು" ಅಂತಾರ. ಅಂದ್ರ ನೀವು ತಗದದ್ದು ಇದ್ದಂಗನ ಬೇಕು; ಮದುವಿ ವಿಡಿಯೊಕ್ಕ ಹಚ್ಚಿದಂಗ ಹಾಡು, ಎಫೆಕ್ಟ್ ಹಚ್ಚಬ್ಯಾಡ್ರಿ. ಬೈಟ್, ಶಾಟ್, ಆ್ಯಂಬಿಯನ್ಸ್ ಬ್ಯಾರೆ ಬ್ಯಾರೆ ಫೈಲ್ ಮಾಡಿ, ಫೈಲ್ ಹೆಸರಿನ್ಯಾಗ ಊರು, ತಾರೀಖು ಬರದು ಕಳಸ್ರಿ.