ಟೇಲರ್ ಸ್ವಿಫ್ಟ್ ಕಾರ್ಯಕ್ರಮಕ್ಕೆ ಮಣಿಪಟ್ಟಿ ಪೋಣಿಸೋದು

2024ರ ಮಾರ್ಚಿನಲ್ಲಿ ಮಗಳ ಜೊತೆ ಸಿಂಗಪುರಕ್ಕೆ ಹೊರಟಾಗ ನನ್ನ ಪಾಲಿಗೆ ಬಂದ ಕೆಲಸ ಇದು. ಅಮೆರಿಕದ ಗಾಯಕಿ ಸ್ವಿಫ್ಟ್ 2022ರ ಒಂದು ಹಾಡಲ್ಲಿ ಗೆಳೆತನದ ಕೈಪಟ್ಟಿ ಮಾಡಿಕೊಳ್ಳಿ ಅಂತಾಳೆ; ಅಭಿಮಾನಿಗಳು ಅದನ್ನೇ ಕಾರ್ಯಕ್ರಮದಲ್ಲಿ ಒಬ್ಬರಿಗೊಬ್ಬರು ಕೊಟ್ಟು ತಗೊಳ್ಳೋ ಪದ್ಧತಿ ಮಾಡಿಬಿಟ್ಟರು.

ಎಲಾಸ್ಟಿಕ್ ದಾರ ಮಣಿಕಟ್ಟಿನ ಸುತ್ತಳತೆಗಿಂತ ನಾಲ್ಕು ಬೆರಳು ಹೆಚ್ಚಿರಲಿ. ಮೊದಲೇ ಎಳೆದು ಬಿಡಿ, ಇಲ್ಲಾಂದ್ರೆ ಆಮೇಲೆ ಸಡಿಲಾಗುತ್ತೆ. ಒಂದು ತುದಿಗೆ ಟೇಪು ಅಂಟಿಸಿ. ನಾನು ಮರೆತೆ, ಅರ್ಧ ಮಣಿ ಸೋಫಾ ಕೆಳಗೆ ಹೋದವು. ಇಂಗ್ಲಿಷ್ ಅಕ್ಷರದ ಮಣಿಗಳನ್ನು ತಟ್ಟೆಯಲ್ಲಿ ಜೋಡಿಸಿ ನೋಡಿ. ಅವಳ ಯಾವುದಾದರೂ ಆಲ್ಬಮ್ಮಿನ ಹೆಸರು ಸಾಕು. 'ಇ' ಬೇಗ ಖಾಲಿ, ಎರಡು ಪ್ಯಾಕೆಟ್ ತನ್ನಿ. ಎರಡು ಗಂಟು, ಮೇಲೊಂದು ಹನಿ ಅಂಟು.

ಎಲ್ಲವನ್ನೂ ಕೈಗೇರಿಸಿಕೊಂಡು ಹೋಗಿ. ಕ್ರೀಡಾಂಗಣದ ಹೊರಗೆ ಗುರುತೇ ಇಲ್ಲದ ಹುಡುಗಿ ನನ್ನ ಕೈ ಹಿಡಿದು, ಅರಿಶಿನ ಕುಂಕುಮಕ್ಕೆ ಬಂದವಳಿಗೆ ಬಳೆ ತೊಡಿಸೋ ಹಾಗೆ, ತನ್ನದೊಂದು ತೊಡಿಸಿ ನನ್ನದೊಂದು ಕೇಳಿದಳು.