ಅಮೆರಿಕದ ಚೈನೀಸ್ ಊಟ: ಹೊಸದಾಗಿ ಬಂದ ಕನ್ನಡಿಗರಿಗೆ

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರು ಇಲ್ಲಿನ ಚೈನೀಸ್ ಹೋಟೆಲಿಗೆ ಮೊದಲ ಸಲ ಹೋಗಿ ಬಂದ ಮೇಲೆ ಎರಡು ಮಾತು ಹೇಳುತ್ತಾರೆ: ಗೋಬಿ ಮಂಚೂರಿ ಸಿಗಲಿಲ್ಲ, ಸಿಕ್ಕಿದ್ದೆಲ್ಲ ಸಿಹಿಯಾಗಿತ್ತು. ಕೆಲವು ತಿಂಗಳಲ್ಲಿ ಮೂರನೆಯದೂ ಸೇರುತ್ತದೆ: ಇದು ಅಸಲಿ ಚೈನೀಸ್ ಅಲ್ಲವಂತೆ. ಮೊದಲಿನ ಎರಡನ್ನು ನಾನು ಒಪ್ಪುತ್ತೇನೆ. ಮೂರನೆಯದನ್ನು ಒಪ್ಪುವ ಮುನ್ನ ಈ ಅಡುಗೆ ಹುಟ್ಟಿದ ಬಗೆಯನ್ನು ತಿಳಿಯಿರಿ ಎಂದು ಕೇಳಿಕೊಳ್ಳುತ್ತೇನೆ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಚಿನ್ನದ ಗಣಿ ಮತ್ತು ರೈಲುಹಳಿಯ ಕೆಲಸಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಬಂದ ಚೀನೀಯರಲ್ಲಿ ಬಹುಪಾಲು ಜನ ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಗರು. 1882ರ ಕಾನೂನು ಚೀನೀ ಕೂಲಿಗಳು ಬರುವುದನ್ನೇ ತಡೆಯಿತು. 1943ರವರೆಗೂ ಅದು ಜಾರಿಯಲ್ಲಿತ್ತು. 1915ರಲ್ಲಿ ನ್ಯಾಯಾಲಯವೊಂದು ಹೋಟೆಲ್ ಮಾಲೀಕರನ್ನೂ ಆ ಕಾನೂನಿನ ತಡೆಯಿಲ್ಲದ ವ್ಯಾಪಾರಿಗಳ ಸಾಲಿಗೆ ಸೇರಿಸಿದ್ದರಿಂದ, ಊರಿಗೆ ಹೋಗಿ ಮರಳಿ ಬರುವುದಕ್ಕೂ ಬಂಧುಗಳನ್ನು ಕರೆಸಿಕೊಳ್ಳುವುದಕ್ಕೂ ಹೋಟೆಲ್ ನಡೆಸುವುದೇ ಹಲವರಿಗೆ ದಾರಿಯಾಯಿತು. ಅವರಲ್ಲಿ ಅನೇಕರು ಕಸುಬಿನಿಂದ ಬಾಣಸಿಗರಲ್ಲ. ತಮ್ಮ ಕೈಲಾನ್ ಸೊಪ್ಪು ಸಿಗದ ಕಡೆ ಬ್ರಾಕೊಲಿ ಹಾಕಿದರು, ಗಿರಾಕಿಗಳ ನಾಲಿಗೆಗೆ ತಕ್ಕಂತೆ ಸಕ್ಕರೆ ಸೇರಿಸಿದರು, ಮೂಳೆ ತೆಗೆದ ಮಾಂಸವನ್ನು ಗರಿಗರಿಯಾಗಿ ಕರಿದರು. ಕರಿದ ಕೋಳಿತುಂಡುಗಳನ್ನು ಸಾಸಿನಲ್ಲಿ ಹೊರಳಿಸುವ ಜನರಲ್ ತ್ಸೋ ಚಿಕನ್ ಅನ್ನೇ ನೋಡಿ. ಚೀನಾದ ಹುನಾನ್ ಪ್ರಾಂತ್ಯದ ಮೂಲದ ಬಾಣಸಿಗ ಪೆಂಗ್ ಚಾಂಗ್-ಕ್ವೇ ಅದನ್ನು ತೈವಾನಿನಲ್ಲಿ ರೂಪಿಸಿದಾಗ ಅದರಲ್ಲಿ ಸಿಹಿ ಇರಲಿಲ್ಲ. 1970ರ ದಶಕದ ನ್ಯೂಯಾರ್ಕಿನಲ್ಲಿ ಅದು ಈಗಿನ ಸಿಹಿರೂಪಕ್ಕೆ ಬಂತು. ಬದುಕುವುದಕ್ಕಾಗಿ ಹೀಗೆ ಬದಲಾದ ಅಡುಗೆಯನ್ನು ನಕಲಿ ಎನ್ನಲು ನನಗೆ ಮನಸ್ಸು ಬಾರದು.

ನಮ್ಮ ಗೋಬಿ ಮಂಚೂರಿಗೂ ಚೀನಾದ ಈಶಾನ್ಯದ ಮಂಚೂರಿಯಾಕ್ಕೂ ಸಂಬಂಧವಿಲ್ಲ. ಕೋಲ್ಕತ್ತದಲ್ಲಿ ಹುಟ್ಟಿ ಬೆಳೆದ ಚೀನೀ ಮೂಲದ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಮುಂಬಯಿಯಲ್ಲಿ ಚಿಕನ್ ಮಂಚೂರಿಯನ್ ಮಾಡಿದರೆಂಬುದು ಪ್ರಚಲಿತ ವೃತ್ತಾಂತ. ಅದರ ಹೂಕೋಸಿನ ರೂಪವನ್ನು ಬೆಂಗಳೂರಿನ ತಳ್ಳುಗಾಡಿಗಳು ತಮ್ಮದಾಗಿಸಿಕೊಂಡವು. ಆ ರುಚಿಯೇ ಬೇಕಾದಾಗ ಇಂಡೋ-ಚೈನೀಸ್ ಎಂದು ಫಲಕವಿರುವ ಹೋಟೆಲಿಗೆ ಹೋಗಿರಿ. ಉಳಿದ ಕಡೆ ಅದನ್ನು ಹುಡುಕುತ್ತ ಕೂತರೆ ಎದುರಿಗಿರುವ ತಟ್ಟೆಯ ರುಚಿ ಹತ್ತುವುದಿಲ್ಲ.

ಸಸ್ಯಾಹಾರಿಗಳು ಮಾತ್ರ ಎಚ್ಚರದಿಂದಿರಬೇಕು. ಬರೀ ತರಕಾರಿಯೆಂದು ಕಾಣುವ ಪದಾರ್ಥದಲ್ಲಿಯೂ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್ ಇರಬಹುದು, ಹಾಟ್ ಅಂಡ್ ಸೋರ್ ಸೂಪು ಕೋಳಿಯ ಸಾರಿನಿಂದ ಆಗಿರಬಹುದು, ಸೋಯಾ ಪನೀರಿನ ಪದಾರ್ಥವಾದ ಮಾಪೋ ತೋಫುವಿನಲ್ಲಿ ಸಾಮಾನ್ಯವಾಗಿ ಕೊಚ್ಚಿದ ಮಾಂಸವಿರುತ್ತದೆ. "ವೆಜಿಟೇರಿಯನ್" ಎಂದಷ್ಟೇ ಹೇಳದೆ ಮಾಂಸ, ಮೀನು, ಮೊಟ್ಟೆ, ಆಯ್ಸ್ಟರ್ ಸಾಸ್, ಕೋಳಿಯ ಸಾರು ಎಂದು ಒಂದೊಂದನ್ನೂ ಹೆಸರಿಸಿ, ಇವು ಬೇಡವೆಂದು ಹೇಳಿರಿ. ಬುದ್ಧಾಸ್ ಡಿಲೈಟ್ ಎಂಬ ತರಕಾರಿ-ತೋಫು ಪದಾರ್ಥ ಬೌದ್ಧ ಸಂಪ್ರದಾಯದ್ದು. ಅದನ್ನು ಕೇಳುವಾಗಲೂ ಸಾಸಿನ ವಿಚಾರ ಮರೆಯಬೇಡಿ.

ಖಾರ ಬೇಕೆನ್ನುವವರು ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಯ ಹೋಟೆಲುಗಳನ್ನು ಹುಡುಕಿರಿ. ಅಲ್ಲಿನ ನಾಲಿಗೆ ಜುಮ್ಮೆನಿಸುವ ಸಿಚುವಾನ್ ಮೆಣಸು ನಮ್ಮ ಕರಾವಳಿಯ ಮೀನಿನ ಸಾರಿಗೆ ಬೀಳುವ ತಿರಫಲದ ಹತ್ತಿರದ ನೆಂಟ, ಆದ್ದರಿಂದ ಆ ಕಡೆಯವರಿಗೆ ಮೊದಲ ತುತ್ತಿಗೇ ಗುರುತು ಸಿಕ್ಕೀತು. ಸಿಹಿ ಸಾಸಿನಲ್ಲಿ ಹೊರಳಿಸಿದ ಆರೆಂಜ್ ಚಿಕನ್‌ನಂಥವನ್ನು ಮಾತ್ರ ಡಬ್ಬಿ ಕಟ್ಟಿಸಿ ಮನೆಗೆ ಒಯ್ಯಬೇಡಿ, ದಾರಿಯಲ್ಲೇ ಮೆತ್ತಗಾಗುತ್ತವೆ. ಬಾಣಲೆಯಿಂದ ಇಳಿದ ಕೂಡಲೇ ಅಲ್ಲಿಯೇ ಕುಳಿತು ತಿನ್ನಿರಿ.